ಎಲೆಯ ಮೇಣ ಹೇಳಿದ್ದು

ಗಾಳಿಯಲ್ಲಿ ಎಂಥ ಮಾಲಿನ್ಯ ಇದೆ ಎಂದು ಮರದ ಎಲೆ ನೋಡಿ ತಿಳಿಯುವುದು ನನ್ನ ಕೆಲಸ. ಮೊದಲ ಸಲ ಎಲೆ ಕೀಳಲು ಹೋದಾಗ ಪ್ಲಾಸ್ಟಿಕ್ ಚೀಲ ಒಯ್ದಿದ್ದೆ. ಅಷ್ಟೂ ಎಲೆ ಬಿಸಾಡಬೇಕಾಯಿತು! ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳೇ ಎಲೆಗೆ ಅಂಟಿಬಿಡುತ್ತವೆ. ಈಗ ಕೈಗೆ ಗ್ಲೌಸ್, ಎಲೆಗೆ ಅಲ್ಯೂಮಿನಿಯಂ ಫಾಯಿಲ್, ಆಮೇಲೆ ಸೀದಾ ಮೈನಸ್ 20 ಡಿಗ್ರಿ ಫ್ರೀಜರ್.

ಎಲೆಯೇ ಯಾಕೆ? ಅದರ ಮೇಲೊಂದು ತೆಳು ಮೇಣದ ಪದರ ಇರುತ್ತದೆ. ಹೊಗೆಯಲ್ಲಿ ಬರುವ ಪಿಎಎಚ್ ಎಂಬ ಮಾಲಿನ್ಯಕಾರಕಗಳು, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ ಎಂಬ ಕ್ಲೋರಿನ್ ರಾಸಾಯನಿಕಗಳು, ಇವೆಲ್ಲ ನೀರಿಗಿಂತ ಕೊಬ್ಬಿನಲ್ಲಿ ಜಾಸ್ತಿ ಕರಗುವಂಥವು. ಗಾಳಿಯಲ್ಲಿ ತೇಲುತ್ತಾ ಬಂದು ಕೊಬ್ಬಿನಂಥದ್ದೇ ಆದ ಈ ಮೇಣದಲ್ಲಿ ಸೇರಿಕೊಳ್ಳುತ್ತವೆ. ಗಾಳಿಯ ಮಾದರಿ ಹಿಡಿಯಲು ಕರೆಂಟ್ ಬೇಡ, ಪಂಪ್ ಬೇಡ. ಮರ ಸುಮ್ನೆ ನಿಂತಿದ್ದರೆ ಸಾಕು.

ನನಗೆ ಪೈನ್ ಮರದ ಸೂಜಿ ಎಲೆಗಳೆಂದರೆ ತುಂಬಾ ಇಷ್ಟ. ಹಲವು ಜಾತಿಗಳಲ್ಲಿ ಅವು ಎರಡು ಮೂರು ವರ್ಷ ಉದುರುವುದಿಲ್ಲ. ಒಂದೇ ಕೊಂಬೆಯಲ್ಲಿ ಈ ವರ್ಷದ್ದು ತುದಿಗೆ, ಹಳೆಯದು ಒಳಗೆ. ಡೈರಿಯ ಹಾಳೆ ಇದ್ದಂತೆ ಅಲ್ವಾ?

ಆದರೆ ಈ ಡೈರಿಯನ್ನು ಪೂರ್ತಿ ನಂಬುವಂತಿಲ್ಲ. ಬಿಸಿಲು ಏರಿದರೆ ಹಗುರ ಅಣುಗಳು ಮತ್ತೆ ಗಾಳಿಗೆ ಹಾರುತ್ತವೆ. ಮಳೆ ಮೇಲಿನ ದೂಳನ್ನು ತೊಳೆಯುತ್ತದೆ. ಜಾತಿ ಬದಲಾದರೆ ಮೇಣವೂ ಬೇರೆ. ಅದಕ್ಕೇ ಒಂದೇ ಜಾತಿ, ಒಂದೇ ಎತ್ತರ, ಒಂದೇ ವಾರ ಎಂದು ಹಟ ಹಿಡಿಯುತ್ತೇನೆ. ಜೊತೆಗೆ ಬರುವವರಿಗೆ ಇದು ಕಿರಿಕಿರಿ.

ನಾಳೆ ಏಣಿ ಹತ್ತುವ ಸರದಿ ನನ್ನದು.