ತಿಂಗಳಿಗೆ ಐದು ಪೌಂಡಿನ ವಿಚ್‌ಕ್ರಾಫ್ಟ್: ಬರ್ನ್ಲಿಯಿಂದ ಟಿಪ್ಪಣಿಗಳು

ಮೊದಲೇ ಹೇಳಿಬಿಡುತ್ತೇನೆ, ಇದು ನಿಂಬೆಹಣ್ಣಿಗೆ ಸೂಜಿ ಚುಚ್ಚಿ ಪಕ್ಕದ ಮನೆಯ ಅಂಗಳಕ್ಕೆ ಎಸೆಯುವ ವಿಷಯ ಅಲ್ಲ. ನಾನು ಮಾಡುತ್ತಿರುವುದು ವಿಕ್ಕಾ ಮತ್ತು ಅದರ ಆಸುಪಾಸಿನ ವಿಚ್‌ಕ್ರಾಫ್ಟ್. ವಿಕ್ಕಾ ಅಂದರೆ ಪ್ರಕೃತಿ ಪೂಜೆ, ಮಂತ್ರ, ಹಬ್ಬಗಳಿರುವ ಒಂದು ಧರ್ಮ, ಇಂಗ್ಲೆಂಡಿನಲ್ಲಿ ಹುಟ್ಟಿ ನೂರು ವರ್ಷವೂ ಆಗದ ಪದ್ಧತಿ. 1735ರ ವಿಚ್‌ಕ್ರಾಫ್ಟ್ ಕಾಯ್ದೆಯನ್ನು ಇಲ್ಲಿ ರದ್ದು ಮಾಡಿದ್ದು 1951ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಕಸ್ಟಮ್ಸ್ ಅಧಿಕಾರಿ ಇಂಥ ವಿಚ್‌ಗಳ ಗುಂಪಿನ ಬಗ್ಗೆ ಬಹಿರಂಗವಾಗಿ ಪುಸ್ತಕ ಬರೆದ. ಅಲ್ಲಿಂದ ಇದು ಹಬ್ಬಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಅಂತ ಬರೆಸಿದ್ದಾರೆ. ಪೇಗನ್, ಅಂದರೆ ಕ್ರೈಸ್ತಪೂರ್ವ ದೇವತೆಗಳ ದಾರಿ ಹಿಡಿದವರು, ಅಂತ ಬರೆಸಿದವರು ಸುಮಾರು 74,000.

ನಾನು ಏನೂ ಬರೆಸಿಲ್ಲ. ಲ್ಯಾಂಕಷೈರ್‌ನ ಬರ್ನ್ಲಿಯಲ್ಲಿ ಬಾಡಿಗೆ ಮನೆ, ಗೋದಾಮಿನಲ್ಲಿ ನೈಟ್ ಶಿಫ್ಟ್. ಈ ಊರಿನ ಬೆನ್ನಿಗೇ, 1612ರ ವಿಚ್ ವಿಚಾರಣೆಗೆ ಹೆಸರಾದ ಪೆಂಡಲ್ ಗುಡ್ಡ ಇದೆ. ಮ್ಯಾಂಚೆಸ್ಟರ್‌ನಿಂದ ಬರುವ ಬಸ್ಸಿನ ಹೆಸರೇ 'ವಿಚ್ ವೇ'. ಇಂಥ ಕಡೆ ಇದ್ದು ಕುತೂಹಲ ಹುಟ್ಟದಿದ್ದರೆ ಹೇಗೆ? ಆದರೆ ಅಂಗಡಿಗಳಲ್ಲಿ 'ಆರಂಭಿಕರ ಕಿಟ್' ಅಂತ ಮಾರುವ ಡಬ್ಬಗಳ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಅದಕ್ಕೇ ಒಂದು ಲಕ್ಷ್ಮಣರೇಖೆ ಎಳೆದುಕೊಂಡೆ. ತಿಂಗಳಿಗೆ ಐದು ಪೌಂಡ್, ಅಷ್ಟೇ. ಮನೆಯಲ್ಲಿ ಆಗಲೇ ಇರುವುದು ಲೆಕ್ಕಕ್ಕಿಲ್ಲ.

ಅಕ್ಟೋಬರ್ ಕೊನೆ, ಸೌಇನ್

ವಿಕ್ಕಾದವರ ವರ್ಷದಲ್ಲಿ ಎಂಟು ಹಬ್ಬ. ಅಕ್ಟೋಬರ್ 31ರ ಸೌಇನ್‌ನಿಂದ ವರ್ಷ ಶುರು ಅಂತ ಹಲವರು ಹಿಡಿಯುತ್ತಾರೆ. ಹಿರಿಯರನ್ನು ನೆನೆಯುವ ದಿನ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಪೀಠ ಬೇಕು. ಕಿಟಕಿಯ ಅಡಿಗೆ ಒಂದು ಅಗಲ ಕಟ್ಟೆ ಇತ್ತು, ಅದೇ ಆಯಿತು. ನಾಲ್ಕು ದಿಕ್ಕಿಗೆ ನಾಲ್ಕು ಭೂತ: ಉತ್ತರಕ್ಕೆ ಭೂಮಿ, ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು. ಭೂಮಿಗೆ ಬಟ್ಟಲಲ್ಲಿ ಕಲ್ಲುಪ್ಪು. ಗಾಳಿಗೆ ಊರಿಂದ ತಂದ ಊದುಬತ್ತಿ. ಬೆಂಕಿಗೆ ಒಂದು ಟೀ ಲೈಟ್. ನೀರಿಗೆ ಚಾರಿಟಿ ಶಾಪ್‌ನಲ್ಲಿ ಒಂದು ಪೌಂಡಿಗೆ ಸಿಕ್ಕ ಗಾಜಿನ ಲೋಟ. ಅಥಾಮೆ ಅಂತ ಒಂದು ಚಾಕು ಬೇಕು ಅನ್ನುತ್ತಾರೆ. ಅದು ಏನನ್ನೂ ಕತ್ತರಿಸುವುದಕ್ಕಲ್ಲ, ದಿಕ್ಕು ತೋರಿಸಿ ವೃತ್ತ ಎಳೆಯುವುದಕ್ಕೆ. ನಾನು ತೋರುಬೆರಳಲ್ಲೇ ಎಳೆದೆ. ಮಂತ್ರ, ವಿಧಿಗಳನ್ನು ಬರೆದಿಟ್ಟುಕೊಳ್ಳುವ 'ಬುಕ್ ಆಫ್ ಶ್ಯಾಡೋಸ್'ಗೆ ಚರ್ಮದ ಹೊದಿಕೆಯ ಪುಸ್ತಕ ಮಾರುತ್ತಾರೆ. ನನ್ನದು ಮಕ್ಕಳ ಶಾಲೆಯ ರೂಲ್ಡ್ ನೋಟ್‌ಬುಕ್.

ಹೀಗೆ ಮಾಡಿದರೆ ಅಗ್ಗ ಆಗಿಬಿಡುತ್ತದಲ್ಲ ಅಂತ ಅಳುಕಿರುವವರಿಗೆ ಒಂದು ಮಾತು. ಗಾರ್ಡ್ನರ್‌ನ ಗುಂಪಿನ ನಿಯಮಗಳಲ್ಲೇ ಇದಕ್ಕೆ ಆಧಾರ ಇದೆ. ಸಾಮಾನುಗಳು ಯಾರ ಮನೆಯಲ್ಲಾದರೂ ಇರುವಂಥವೇ ಆಗಿರಲಿ, ಪೆಂಟಕಲ್ ಎಂಬ ನಕ್ಷತ್ರದ ಗುರುತಿನ ಬಿಲ್ಲೆ ಮೇಣದ್ದಾಗಿರಲಿ, ಯಾರಾದರೂ ಹುಡುಕಿಕೊಂಡು ಬಂದರೆ ತಕ್ಷಣ ಕರಗಿಸಬಹುದು ಅಂತ. ಇದು ವಿಚ್‌ಗಳನ್ನು ಸುಡುತ್ತಿದ್ದ ಕಾಲದ ನಿಯಮ ಅಂತ ಅವರು ಹೇಳಿಕೊಂಡರು. ಇಂಗ್ಲೆಂಡಿನಲ್ಲಿ ಆ ಅಪರಾಧಕ್ಕೆ ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. ಸುಡುತ್ತಿದ್ದದ್ದು ಸ್ಕಾಟ್ಲೆಂಡಿನಲ್ಲಿ. ಹಾಗಾಗಿ ನಿಯಮ ಇಪ್ಪತ್ತನೇ ಶತಮಾನದ್ದೇ. ಇರಲಿ, ಸಲಹೆ ಮಾತ್ರ ಚೆನ್ನಾಗಿದೆ ಅಲ್ವಾ?

ನವೆಂಬರ್, ಮಸಾಲೆ ಡಬ್ಬಿ

ಈ ತಿಂಗಳು ಬರೀ ಧೂಪದ ಪ್ರಯೋಗ. ಎಲ್ಲರೂ ಹೊಗೆ ಹಾಕುವುದು ವೈಟ್ ಸೇಜ್ ಕಟ್ಟಿನಿಂದ. ಅದು ಕ್ಯಾಲಿಫೋರ್ನಿಯಾ ಕಡೆಯ ಗಿಡ, ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. ಈಗ ಕಾಡಿನಿಂದ ಕದ್ದು ಕೊಯ್ದು ಮಾರುವವರೂ ಇದ್ದಾರೆ. ದುಡ್ಡು ಕೊಟ್ಟು ಅದನ್ನು ತರುವ ಅಗತ್ಯ ನನಗಂತೂ ಕಾಣಲಿಲ್ಲ. ರೋಸ್‌ಮೇರಿ ಇಲ್ಲಿ ರಸ್ತೆಬದಿಯ ಎಷ್ಟೋ ತೋಟಗಳಲ್ಲಿ ಪೊದೆಯಾಗಿ ಬೆಳೆದಿರುತ್ತದೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ, ಒಂದು ತೋಳು ತುಂಬ ಕೊಟ್ಟರು. ಏಳೆಂಟು ಕಡ್ಡಿ ಸೇರಿಸಿ ಹತ್ತಿ ದಾರದಲ್ಲಿ ಬಿಗಿಯಾಗಿ ಸುತ್ತಿ, ಬಾಯ್ಲರ್ ಇರುವ ಕಪಾಟಿನಲ್ಲಿ ತಲೆಕೆಳಗಾಗಿ ನೇತುಹಾಕಿದರೆ ಚೆನ್ನಾಗಿ ಒಣಗುತ್ತದೆ. ಪ್ಲಾಸ್ಟಿಕ್ ಮಿಶ್ರದ ದಾರ ಮಾತ್ರ ಬೇಡ, ಸುಟ್ಟರೆ ನಾತ.

ಇನ್ನು ಚಕ್ಕೆ, ಲವಂಗ, ಪಲಾವ್ ಎಲೆ. 'ಸಮೃದ್ಧಿಯ ಮೂಲಿಕೆ' ಅಂತ ಪುಟ್ಟ ಗಾಜಿನ ಸೀಸೆಯಲ್ಲಿ ನಾಲ್ಕು ತುಂಡು ಚಕ್ಕೆ ಹಾಕಿ ಮಾರುವ ಬೆಲೆಗೆ, ಏಷ್ಯನ್ ಅಂಗಡಿಯಲ್ಲಿ ಆರು ತಿಂಗಳಿಗಾಗುವಷ್ಟು ಸಿಗುತ್ತದೆ. ಅದೇ ಚಕ್ಕೆ. ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಅರ್ಧ ಸಾಮಾನು ಅಡುಗೆಮನೆಯಲ್ಲೇ ಇರುತ್ತದೆ.

ಬಾಡಿಗೆ ಮನೆಯವರಿಗೆ ಒಂದು ಎಚ್ಚರಿಕೆ. ಸ್ಮೋಕ್ ಅಲಾರ್ಮ್ ಅನ್ನು ಬಟ್ಟೆಯಿಂದ ಮುಚ್ಚುವ ಕೆಲಸ ಬೇಡವೇ ಬೇಡ. ಕಿಟಕಿ ತೆರೆದು, ಮರಳು ತುಂಬಿದ ಬಟ್ಟಲ ಮೇಲೆ ಹಿಡಿದು, ಒಂದೆರಡು ಎಲೆ ಸುಟ್ಟರೆ ಸಾಕು. ಇಲ್ಲಾಂದ್ರೆ ಪಾತ್ರೆಯಲ್ಲಿ ನೀರು ಕುದಿಸಿ ರೋಸ್‌ಮೇರಿ, ಚಕ್ಕೆ, ಕಿತ್ತಳೆ ಸಿಪ್ಪೆ ಹಾಕಿ. ಹೊಗೆ ಇಲ್ಲ, ಮನೆ ತುಂಬಾ ಪರಿಮಳ. ನಾನೀಗ ಹೆಚ್ಚಾಗಿ ಮಾಡುವುದು ಇದನ್ನೇ.

ಡಿಸೆಂಬರ್, ಯೂಲ್

ಮಧ್ಯಾಹ್ನ ನಾಲ್ಕಕ್ಕೂ ಮುಂಚೆ ಸೂರ್ಯ ಮುಳುಗುತ್ತಾನೆ. ಯೂಲ್ ಅಂದರೆ ವರ್ಷದ ಅತಿ ಚಿಕ್ಕ ಹಗಲಿನ ಹಬ್ಬ. 21ರಂದು ಒಂದು ದೀಪ, ಒಂದು ಪ್ರಾರ್ಥನೆ, ನಿದ್ದೆ. ಆದರೆ ಈ ಎಂಟು ಹಬ್ಬದ ಚಕ್ರ ಯಾಕೆ ಬೇಕು ಅಂತ ನನಗೆ ಅರ್ಥವಾದದ್ದು ಈ ತಿಂಗಳೇ. ಇದು ಈ ನೆಲದ ಬೆಳಕು ಕತ್ತಲೆಗೆ ಹೊಂದಿಸಿಕೊಂಡ ಪಂಚಾಂಗ. ದಾವಣಗೆರೆಯಲ್ಲಿದ್ದಿದ್ದರೆ ಇದನ್ನು ನಾನು ಮುಟ್ಟುತ್ತಿರಲಿಲ್ಲ.

ಫೆಬ್ರವರಿ 1, ಇಂಬೋಲ್ಕ್

ಇಡೀ ವರ್ಷದಲ್ಲಿ ನನಗೆ ಜಾಸ್ತಿ ಇಷ್ಟವಾದ ಕೆಲಸ ಇದು, ಖರ್ಚು ಸೊನ್ನೆ. ಇಂಬೋಲ್ಕ್ ಐರ್ಲೆಂಡಿನ ಬ್ರಿಜಿಡ್‌ಳ ಹಬ್ಬ. ಆಕೆ ಕೆಲವರಿಗೆ ದೇವತೆ, ಕೆಲವರಿಗೆ ಕ್ರೈಸ್ತ ಸಂತ ಮಹಿಳೆ. 2023ರಿಂದ ಐರ್ಲೆಂಡಿನಲ್ಲಿ ಅವಳ ಹೆಸರಿನ ಸರಕಾರಿ ರಜೆಯೂ ಇದೆ. ಅವತ್ತು ಜೊಂಡು ಹುಲ್ಲಿನಲ್ಲಿ ಬ್ರಿಜಿಡ್‌ಳ ಶಿಲುಬೆ ಹೆಣೆದು ಬಾಗಿಲ ಮೇಲೆ ಇಡುತ್ತಾರೆ. ಮನೆಗೆ ಬೆಂಕಿ ಬೀಳದಿರಲಿ, ಹಸಿವು ಬಾರದಿರಲಿ ಅಂತ.

ಪೆಂಡಲ್ ಸುತ್ತಿನ ಜೌಗು ಹೊಲಗಳಲ್ಲಿ ಜೊಂಡಿಗೇನು ಬರ. ನೆರೆಯ ರೈತರನ್ನು ಕೇಳಿ, ಕತ್ತರಿಯಿಂದ ಒಂದು ಹಿಡಿ ತಂದೆ. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಬೇಕು. ಎರಡನೆಯದನ್ನು ಅದರ ನಡುವಿಗೆ ಸುತ್ತಿ ಮಡಚಿ, ಎರಡೂ ತುದಿ ಬಲಕ್ಕೆ ಬರುವ ಹಾಗೆ ಎಳೆಯಬೇಕು. ಈಗ ಇಡೀ ಹೆಣಿಗೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಬಲಕ್ಕಿದ್ದದ್ದು ಮೇಲೆ ಬರುತ್ತದೆ. ಅದರ ಮೇಲೆ ಮೂರನೆಯದನ್ನು ಮಡಚಿ ಬಲಕ್ಕೆ ಎಳೆ. ಮತ್ತೆ ತಿರುಗಿಸು. ಹೀಗೇ. ಪ್ರತಿ ಸಲವೂ ನಡುವನ್ನು ಹೆಬ್ಬೆರಳಿಂದ ಒತ್ತಿ ಹಿಡಿಯದಿದ್ದರೆ ಎಲ್ಲಾ ಸಡಿಲ. ನಡುವಿನ ಚೌಕ ಎರಡು ಬೆರಳಗಲ ಆದ ಮೇಲೆ ನಾಲ್ಕೂ ತೋಳಿನ ತುದಿಯನ್ನು ದಾರದಿಂದ ಕಟ್ಟಿ, ಸಮ ಕತ್ತರಿಸಿದರೆ ಮುಗಿಯಿತು. ಹಸಿ ಜೊಂಡಿನ ಒಳಗೆ ಬಿಳಿ ಸ್ಪಂಜಿನಂಥ ತಿರುಳು ಇರುತ್ತದೆ. ಅದಕ್ಕೇ ಅದು ಮುರಿಯದೆ ಮಡಚಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಚಪ್ಪರಕ್ಕೆ ತೆಂಗಿನ ಗರಿ ಹೆಣೆದ ಕೈಗೆ ಇದು ಬೇಗ ಕೂಡಿ ಬರುತ್ತದೆ. ಒಂದು ವಾರದಲ್ಲಿ ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬಂತು, ಆಕಾರ ಮಾತ್ರ ಗಟ್ಟಿ. ಈಗಲೂ ಬಾಗಿಲ ಮೇಲೆ ಇದೆ.

ಏಪ್ರಿಲ್, ಪೆಂಡಲ್ ಗುಡ್ಡ

ಮಾರ್ಚ್ ಪೂರ್ತಿ ಓವರ್‌ಟೈಮ್, ಏನೂ ಆಗಲಿಲ್ಲ. ಈಗ ಬಾರ್ಲಿ ಹಳ್ಳಿಯಿಂದ ಗುಡ್ಡ ಹತ್ತಿದೆ. ಎತ್ತರ 557 ಮೀಟರ್, ಅಂಥದ್ದೇನಲ್ಲ. ಆದರೆ ಕೊನೆಯ ಮೆಟ್ಟಿಲುಗಳು ಮೊಣಕಾಲಿಗೆ ಬುದ್ಧಿ ಹೇಳುತ್ತವೆ.

1612ರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅಲಿಝಾನ್ ಡಿವೈಸ್ ಎಂಬ ಬಡ ಹುಡುಗಿ ಕೋಲ್ನ್ ಹತ್ತಿರದ ದಾರಿಯಲ್ಲಿ ಒಬ್ಬ ವ್ಯಾಪಾರಿಯ ಬಳಿ ಗುಂಡುಸೂಜಿ ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಕುಸಿದುಬಿದ್ದ. ಇವತ್ತಾಗಿದ್ದರೆ ಪಾರ್ಶ್ವವಾಯು ಅನ್ನುತ್ತಿದ್ದರು. ಅವಳ ಅಜ್ಜಿ ಡೆಮ್‌ಡೈಕ್ ಜೈಲಲ್ಲೇ ಸತ್ತಳು. ಅಲಿಝಾನ್‌ಳ ತಂಗಿ, ಸುಮಾರು ಒಂಬತ್ತು ವರ್ಷದ ಜೆನೆಟ್, ನ್ಯಾಯಾಲಯದಲ್ಲಿ ತನ್ನ ತಾಯಿಯ ವಿರುದ್ಧವೇ ಸಾಕ್ಷಿ ಹೇಳಿದಳು. ಆಗಸ್ಟ್ 20ರಂದು ಲ್ಯಾಂಕಾಸ್ಟರ್‌ನಲ್ಲಿ ಹತ್ತು ಮಂದಿಯನ್ನು ನೇಣಿಗೆ ಹಾಕಿದರು. ಅವರಲ್ಲಿ ಒಬ್ಬಳಾದ ಆಲಿಸ್ ನಟರ್‌ಳ ಪ್ರತಿಮೆ ರಫ್‌ಲೀ ಹಳ್ಳಿಯಲ್ಲಿದೆ. ಕೈಗೆ ಸರಪಳಿ, ಸಾಧಾರಣ ಉಡುಪು. ಚೂಪು ಟೋಪಿ ಇಲ್ಲ, ಪೊರಕೆ ಇಲ್ಲ.

'ನಾವು ಅವರ ಮೊಮ್ಮಕ್ಕಳು' ಅಂತ ಬರೆದ ಟೀ ಶರ್ಟ್ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಅಂದು ನೇಣಿಗೇರಿದವರಿಗೂ ವಿಕ್ಕಾಗೂ ನೇರ ಸಂಬಂಧ ಇಲ್ಲ. ಹಳೆಯ ವಿಚ್ ಧರ್ಮ ಗುಟ್ಟಾಗಿ ಉಳಿದುಬಂತು ಎಂಬ ವಾದಕ್ಕೆ ಆಧಾರ ಸಾಲದು ಅಂತ ಬ್ರಿಸ್ಟಲ್‌ನ ಇತಿಹಾಸಕಾರ ರೊನಾಲ್ಡ್ ಹಟನ್ ವಿವರವಾಗಿ ತೋರಿಸಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಬಡವರು, ಬೇಡಿ ತಿನ್ನುವವರು, ಊರವರ ಕಣ್ಣಿಗೆ ಬಿದ್ದವರು. ಬಿಹಾರದಲ್ಲಿ 1999ರಲ್ಲಿ, ಜಾರ್ಖಂಡಿನಲ್ಲಿ 2001ರಲ್ಲಿ ಹೆಂಗಸರಿಗೆ ಡಾಯನ್, ಅಂದರೆ ಮಾಟಗಾತಿ, ಎಂಬ ಪಟ್ಟ ಕಟ್ಟುವುದರ ವಿರುದ್ಧ ಕಾನೂನು ತರಬೇಕಾಯಿತು. ಕರ್ನಾಟಕದಲ್ಲೂ ವಾಮಾಚಾರದ ವಿರುದ್ಧ 2017ರ ಕಾಯ್ದೆ ಇದೆ. ಒಂದು ಕಡೆ ಹವ್ಯಾಸ, ಇನ್ನೊಂದು ಕಡೆ ಪ್ರಾಣಕ್ಕೇ ಕುತ್ತು. ಅಮ್ಮ ಫೋನಿನಲ್ಲಿ 'ಯಾರ ಮುಂದೆಯೂ ಹೇಳಬೇಡ ಕಣೇ' ಅಂದಾಗ ನನಗೆ ನಗು ಬರಲಿಲ್ಲ.

ಮೇ

ಹಾಥಾರ್ನ್ ಹೂ ಬಿಟ್ಟಿದೆ. ಬೆಲ್ಟೇನ್ ಹಬ್ಬದ ಹೂ ಅದೇ. ಆದರೆ ಮನೆಯೊಳಗೆ ತಂದರೆ ಸಾವು ಅಂತ ಇಲ್ಲಿನ ಹಳಬರ ನಂಬಿಕೆ. ಮೂಗಿಗೆ ಹತ್ತಿರ ಹಿಡಿದರೆ ಕಾರಣ ತಿಳಿಯುತ್ತದೆ. ಅದರಲ್ಲಿರುವ ಟ್ರೈಮೀಥೈಲಮೀನ್ ಕೊಳೆತ ಮೀನಿನಲ್ಲೂ ಇರುತ್ತದೆ. ಮರದಲ್ಲೇ ನೋಡಿ ಬಂದೆ.

ಪುಕ್ಕಟೆ ಮೂಲಿಕೆ ಅಂತ ಹೊರಡುವವರು ಎರಡು ಕಾನೂನು ತಿಳಿದಿರಬೇಕು. ಕಾಡುಗಿಡದ ಹೂ, ಹಣ್ಣು, ಸೊಪ್ಪನ್ನು ಮನೆ ಬಳಕೆಗೆ ಕಿತ್ತರೆ 1968ರ ಕಾಯ್ದೆಯ ಪ್ರಕಾರ ಕಳ್ಳತನ ಅಲ್ಲ. ಆದರೆ ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಬೇರು ಸಮೇತ ಕೀಳುವುದು 1981ರ ಕಾಯ್ದೆಯಡಿ ಅಪರಾಧ. ಮತ್ತೆ, ಗುರುತು ಖಚಿತ ಇಲ್ಲದ ಬಿಳಿ ಕೊಡೆ ಹೂವಿನ ಗಿಡಗಳ ತಂಟೆಗೆ ಹೋಗಬೇಡಿ. ಕೌ ಪಾರ್ಸ್ಲಿ ಅಂದುಕೊಂಡದ್ದು ಹೆಮ್ಲಾಕ್ ಆಗಿದ್ದರೆ ಪ್ರಾಣಕ್ಕೇ ಸಂಚಕಾರ.

ಮಗ್‌ವರ್ಟ್ ಮಾತ್ರ ಸುಲಭ. ಎಲೆಯ ಮೇಲೆ ಹಸಿರು, ಕೆಳಗೆ ಬೆಳ್ಳಿ ಬಿಳುಪು. ಉಜ್ಜಿ ಮೂಸಿದಾಗ ಎಲ್ಲೋ ಪರಿಚಯದ ವಾಸನೆ ಅನಿಸಿತು. ನಮ್ಮ ದವನವೂ ಇದೇ ಆರ್ಟಿಮೀಸಿಯಾ ಕುಲದ್ದು! ಇಲ್ಲಿಯವರು ಇದನ್ನು ಕನಸಿಗಾಗಿ ದಿಂಬಿನೊಳಗೆ ಇಡುತ್ತಾರೆ. ಹಳೆ ಕಾಲುಚೀಲಕ್ಕೆ ತುಂಬಿ ಇಟ್ಟುಕೊಂಡಿದ್ದೇನೆ. ಕನಸು ಎಂದಿನಂತೆ ಗೋದಾಮಿನದ್ದೇ. ಗರ್ಭಿಣಿಯರು ಇದರಿಂದ ದೂರ ಇರಬೇಕು.

ಜೂನ್, ಸಿಜಿಲ್

ನೈಟ್ ಶಿಫ್ಟ್‌ನವರಿಗೆ ಜೂನ್ ಕಷ್ಟ. ರಾತ್ರಿ ಹತ್ತರ ತನಕ ಬೆಳಕು, ಮುಂಜಾನೆ ನಾಲ್ಕಕ್ಕೇ ಮತ್ತೆ ಬೆಳಕು. ರಜೆಯ ದಿನ ರಾತ್ರಿ ನಿದ್ದೆಯೇ ಹತ್ತುವುದಿಲ್ಲ. ಹಾಗಾಗಿ ಒಂದು ಸಿಜಿಲ್ ಮಾಡಿದೆ. ಲಂಡನ್ನಿನ ಚಿತ್ರಕಾರ ಆಸ್ಟಿನ್ ಆಸ್ಮನ್ ಸ್ಪೇರ್ ರೂಢಿಗೆ ತಂದ ವಿಧಾನ. ಬೇಕಾದ್ದನ್ನು ಒಂದು ವಾಕ್ಯದಲ್ಲಿ ಬರೆದು, ಮರುಕಳಿಸುವ ಅಕ್ಷರ ತೆಗೆದು, ಉಳಿದವನ್ನು ಒಂದೇ ಚಿತ್ರವಾಗಿ ಕೂಡಿಸುವುದು. ಬೇಕಾದ್ದು ಪೆನ್ನು, ಕಾಗದ.

ಎಲ್ಲರೂ ರೋಮನ್ ಅಕ್ಷರದಲ್ಲಿ ಮಾಡುತ್ತಾರೆ. ನಾನು ಕನ್ನಡದಲ್ಲಿ ಬರೆದೆ: 'ನನಗೆ ರಾತ್ರಿ ನಿದ್ದೆ ಬರಲಿ'. ಗುಣಿತ, ಒತ್ತು ಎಲ್ಲಾ ಬಿಡಿಸಿ ಬರೀ ವ್ಯಂಜನ ಇಟ್ಟುಕೊಂಡೆ. ಮರುಕಳಿಸಿದ್ದನ್ನು ಹೊಡೆದುಹಾಕಿದ ಮೇಲೆ ಉಳಿದದ್ದು ನ, ಗ, ರ, ತ, ದ, ಬ, ಲ. ಇದರಲ್ಲಿ ಮೊದಲ ಐದಕ್ಕೂ ತಲೆಕಟ್ಟು ಇದೆ. ಹಾಗಾಗಿ ಒಂದೇ ಉದ್ದ ತಲೆಕಟ್ಟು ಎಳೆದು, ಅದರ ಕೆಳಗೆ ಐದೂ ಹೊಟ್ಟೆಗಳನ್ನು ಒಂದರೊಳಗೊಂದು ಸೇರಿಸಿದೆ. ಬ ಮತ್ತು ಲ ಎರಡಕ್ಕೂ ತಲೆಕಟ್ಟಿಲ್ಲ. ಅವನ್ನು ಕೆಳಗೆ ಮಗುಚಿ ಇಟ್ಟೆ. ರೋಮನ್ ಅಕ್ಷರದ ಸಿಜಿಲ್‌ಗಳೆಲ್ಲ ಮುಳ್ಳುತಂತಿಯ ಹಾಗೆ ಕಾಣುತ್ತವೆ. ಇದು ಎಲ್ಲೂ ಚುಚ್ಚದೆ ದುಂಡಗೆ ಬಂತು.

ಅದನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ, ಮಲಗುವ ಮುಂಚೆ ಫೋನ್ ಅಡುಗೆಮನೆಯಲ್ಲಿಟ್ಟು, ಬೆರಳಿಂದ ಗೆರೆಗಳ ಮೇಲೆ ನಿಧಾನ ಓಡಾಡಿಸುತ್ತೇನೆ. ನಿದ್ದೆ ಮೊದಲಿಗಿಂತ ಬೇಗ ಬರುತ್ತಿದೆ. ಚಿತ್ರದ ಮಹಿಮೆಯೋ, ಫೋನ್ ದೂರವಾದದ್ದೋ ಅಂತ ಗೆಳತಿ ಕೇಳಿದಳು. ಫೋನ್ ದೂರ ಇಡು ಅಂತ ಡಾಕ್ಟರು ಹೇಳಿ ವರ್ಷವಾಗಿತ್ತು, ಇಟ್ಟದ್ದು ಈಗ. ಮಂತ್ರದ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ಇರಲಿ.

ಆಗಸ್ಟ್ 1, ಲಮಾಸ್

ಮೊದಲ ಕೊಯ್ಲಿನ ಹಬ್ಬ, ರೊಟ್ಟಿಯ ಹಬ್ಬ. ಗೋಧಿ ಹಿಟ್ಟು, ಯೀಸ್ಟ್, ಉಪ್ಪು, ಓವನ್. ಮೊದಲ ತುಂಡು ಹೊರಗೆ ಹಕ್ಕಿಗಳಿಗೆ, ಎರಡನೆಯದು ರೋಸ್‌ಮೇರಿ ಕೊಟ್ಟ ಅಜ್ಜಿಗೆ. ಅವರಿಗೆ ಇದು ಯಾವ ಹಬ್ಬ ಅಂತ ಹೇಳಲಿಲ್ಲ. 'ಓ, ಲಮಾಸ್!' ಅಂತ ಅವರೇ ಅಂದರು. ಚರ್ಚ್‌ನಲ್ಲೂ ಆ ದಿನ ರೊಟ್ಟಿ ಇಟ್ಟು ಹರಸುವ ಪದ್ಧತಿ ಇದೆಯಂತೆ.

ಖರ್ಚಿನ ಮಟ್ಟಿಗೆ, ಐದು ಪೌಂಡ್ ಯಾವ ತಿಂಗಳಲ್ಲೂ ದಾಟಿಲ್ಲ. ಹೆಚ್ಚು ಹೋದದ್ದು ಮೇಣದಬತ್ತಿಗೆ. ಸ್ಫಟಿಕದ ಕಲ್ಲು ಒಂದನ್ನೂ ಕೊಂಡಿಲ್ಲ, ಎಲ್ಲಿಂದ ಅಗೆದು ಬಂದದ್ದು ಅಂತ ಮಾರುವವರಿಗೇ ಗೊತ್ತಿರುವುದಿಲ್ಲ.

ಮುಂದಿನದು ರೋವನ್ ಶಿಲುಬೆ. ರೋವನ್ ಮರದ ಎರಡು ಪುಟ್ಟ ಕಡ್ಡಿ, ಅಡ್ಡ ಕಟ್ಟಲು ಕೆಂಪು ದಾರ. ಕೇಡು ತಟ್ಟದಿರಲಿ ಅಂತ ಇಲ್ಲೂ ಸ್ಕಾಟ್ಲೆಂಡಿನಲ್ಲೂ ಕೊಟ್ಟಿಗೆ ಬಾಗಿಲಿಗೆ ಕಟ್ಟುತ್ತಿದ್ದರು. ತಮಾಷೆ ಅಂದರೆ, ಅವರು ಅದನ್ನು ಕಟ್ಟುತ್ತಿದ್ದದ್ದು ವಿಚ್‌ಗಳು ಒಳಗೆ ಬರದಿರಲಿ ಅಂತ. ಬಾರ್ಲಿ ದಾರಿಯ ಮರದಲ್ಲಿ ಹಣ್ಣು ಈಗಷ್ಟೇ ಕೆಂಪಾಗುತ್ತಿದೆ. ಗಾಳಿಗೆ ಬಿದ್ದ ಕಡ್ಡಿ ಸಿಗುವ ತನಕ ಕಾಯುತ್ತೇನೆ, ಕೆಂಪು ದಾರ ಹೊಲಿಗೆ ಡಬ್ಬಿಯಲ್ಲಿದೆ.