‘ಶಾಲೆಗೆ’ ಅನ್ನುವಲ್ಲಿ ಡಾಟಿವ್ ಯಾಕೆ ಬರುವುದಿಲ್ಲ?

ಜರ್ಮನ್ ಕಲಿಯುವ ಕನ್ನಡಿಗರು ಮೊದಲ ಹಂತವಾದ ಎ1 ಮುಗಿಸುವ ಹೊತ್ತಿಗೆ ತಪ್ಪದೇ ಕೇಳುವ ಪ್ರಶ್ನೆ ಇದು: ‘ಶಾಲೆಗೆ ಹೋಗುತ್ತೇನೆ’ ಎನ್ನುವಲ್ಲಿ ‘ಗೆ’ ಇದೆಯಲ್ಲ, ಹಾಗಾದರೆ ಡಾಟಿವ್ ಬಿಟ್ಟು ‘ಇನ್ ಡೀ ಶೂಲೆ’ ಎಂದು ಅಕುಸಾಟಿವ್ (ದ್ವಿತೀಯಾ ವಿಭಕ್ತಿ) ಹಾಕುವುದೇಕೆ?

ಡಾಟಿವ್ ಅಂದರೆ ಚತುರ್ಥಿ, ಚತುರ್ಥಿ ಅಂದರೆ ‘ಗೆ’ ಎಂದು ಕಲಿತಿರುವುದೇ ತೊಡಕಿನ ಮೂಲ. ‘ಅಮ್ಮನಿಗೆ ಕೊಡು’ ಎನ್ನುವಲ್ಲಿ ಆ ಲೆಕ್ಕ ಸರಿ. ‘ನನಗೆ ಚಳಿ’ ಕೂಡ ಜರ್ಮನ್‌ನಲ್ಲಿ ‘ಮೀರ್ ಇಸ್ಟ್ ಕಾಲ್ಟ್’, ಅಂದರೆ ಡಾಟಿವ್ವೇ. ಇಂಗ್ಲಿಷ್ ಮಾತಾಡುವವರು ಎಡವುವ ಈ ಜಾಗ ನಮಗೆ ನೀರು ಕುಡಿದಷ್ಟು ಸುಲಭ. ಆದರೆ ಜಾಗದ ಮಾತು ಬಂದಾಗ ಅದೇ ಲೆಕ್ಕ ತಲೆಕೆಳಗು. ಜರ್ಮನ್‌ಗೆ ಇರುವುದು ನಾಲ್ಕೇ ವಿಭಕ್ತಿ, ಸಪ್ತಮಿ ಇಲ್ಲ. ನಮ್ಮ ‘ಅಲ್ಲಿ’ ಮಾಡುವ ಕೆಲಸವನ್ನು ಡಾಟಿವ್ ಹೊತ್ತಿದೆ, ಹೋಗಿ ಸೇರುವ ಜಾಗಕ್ಕೆ ಅಕುಸಾಟಿವ್ ಬರುತ್ತದೆ. ಹಾಗಾಗಿ ‘ಶಾಲೆಯಲ್ಲಿ’ ಎಂದರೆ ‘ಇನ್ ಡೇರ್ ಶೂಲೆ’, ‘ಶಾಲೆಗೆ’ ಎಂದರೆ ‘ಇನ್ ಡೀ ಶೂಲೆ’.

ಹೀಗೆ ಎರಡೂ ಕಡೆ ವಾಲುವುದು ನಾಮಪದದ ಮುಂದೆ ಬರುವ ಒಂಬತ್ತು ಪದಗಳು (ಪ್ರಿಪೊಸಿಷನ್‌ಗಳು): ಆನ್, ಔಫ್, ಹಿಂಟರ್, ಇನ್, ನೇಬೆನ್, ಯೂಬರ್, ಉಂಟರ್, ಫೋರ್, ಟ್ಸ್ವಿಶೆನ್. ಜಾಗ ಹೇಳಲು ಇವು ಬಂದಾಗ ವಿಭಕ್ತಿಯ ಹೆಸರು ಮರೆತು, ‘ಎಲ್ಲಿ’ಯೋ ‘ಎಲ್ಲಿಗೆ’ಯೋ ಎಂದು ಕೇಳಿಕೊಳ್ಳಿ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗದ ಕ್ರಮದಲ್ಲಿ, ಎಲ್ಲಿ ಎಂದರೆ ಆರ್ಟಿಕಲ್ ಡೇಮ್, ಡೇರ್, ಡೇಮ್. ಎಲ್ಲಿಗೆ ಎಂದರೆ ಡೇನ್, ಡೀ, ಡಸ್. ಚಲನೆ ಇದೆ ಎಂದಮಾತ್ರಕ್ಕೆ ಅಕುಸಾಟಿವ್ ಹಾಕಬೇಡಿ. ಪಾರ್ಕಿನೊಳಗೇ ಓಡುತ್ತಿದ್ದರೆ ‘ಇಮ್ ಪಾರ್ಕ್’ (ಇನ್ ಮತ್ತು ಡೇಮ್ ಸೇರಿ ಇಮ್), ಹೊರಗಿಂದ ಪಾರ್ಕಿಗೆ ಓಡಿದರೆ ಮಾತ್ರ ‘ಇನ್ ಡೇನ್ ಪಾರ್ಕ್’.

ಕನ್ನಡದ ಕಿವಿ ಮೋಸ ಹೋಗುವುದು ‘ಇಡು’ ಎಂಬಲ್ಲಿ. ಪುಸ್ತಕ ಮೇಜಿನ ಮೇಲೆ ಇದೆ, ಪುಸ್ತಕವನ್ನು ಮೇಜಿನ ಮೇಲೆ ಇಡು: ಎರಡರಲ್ಲೂ ‘ಮೇಲೆ’ಯೇ. ‘ಎಲ್ಲಿ ಇಡಲಿ?’ ಎನ್ನುತ್ತೇವೆಯೇ ಹೊರತು ‘ಎಲ್ಲಿಗೆ ಇಡಲಿ’ ಎನ್ನುವುದಿಲ್ಲ. ಜರ್ಮನ್‌ಗೆ ಅದು ‘ಎಲ್ಲಿಗೆ’. ಆದ್ದರಿಂದ ಕ್ರಿಯಾಪದಗಳನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಿ. ಲೇಗೆನ್ ಎಂದರೆ ಮಲಗಿಸಿ ಇಡುವುದು, ‘ಔಫ್ ಡೇನ್ ಟಿಶ್’; ಲೀಗೆನ್ ಎಂದರೆ ಮಲಗಿರುವುದು, ‘ಔಫ್ ಡೇಮ್ ಟಿಶ್’. ಶ್ಟೆಲೆನ್ (ನಿಲ್ಲಿಸಿ ಇಡುವುದು) ಮತ್ತು ಶ್ಟೇಯೆನ್ (ನಿಂತಿರುವುದು), ಜೆಟ್ಸೆನ್ (ಕೂರಿಸುವುದು) ಮತ್ತು ಜಿಟ್ಸೆನ್ (ಕೂತಿರುವುದು) ಕೂಡ ಹಾಗೆಯೇ.

‘ತಲುಪು’ವಿನಲ್ಲಿ ಇದಕ್ಕೆ ತದ್ವಿರುದ್ಧ. ನಾವು ‘ಊರಿಗೆ ತಲುಪಿದೆ’ ಎನ್ನುತ್ತೇವೆ. ಜರ್ಮನ್ನರ ‘ಆನ್‌ಕೋಮೆನ್’ ಕೇಳುವುದು ‘ಎಲ್ಲಿ’ ಎಂದು, ಆದ್ದರಿಂದ ‘ಇನ್ ಡೇರ್ ಶ್ಟಾಟ್’.

‘ಟ್ಸು’ ಮತ್ತು ‘ನಾಖ್’ ಬಂದರೆ ಈ ತಲೆನೋವಿಲ್ಲ, ಯಾವಾಗಲೂ ಡಾಟಿವ್. ಡಾಕ್ಟರ ಬಳಿಗೆ ಎಂದರೆ ‘ಟ್ಸುಮ್ ಆರ್ಟ್ಸ್ಟ್’ (ಟ್ಸು ಮತ್ತು ಡೇಮ್ ಸೇರಿ ಟ್ಸುಮ್). ಜರ್ಮನಿಗೆ ಹೋಗುವುದು ‘ನಾಖ್ ಡಾಯ್ಚ್‌ಲಾಂಟ್’. ಆದರೆ ಸ್ವಿಟ್ಜರ್ಲೆಂಡ್ ಹೆಸರಿಗೆ ಆರ್ಟಿಕಲ್ ಅಂಟಿಕೊಂಡಿರುವುದರಿಂದ ‘ನಾಖ್’ ನಡೆಯದು. ಅಲ್ಲಿಗೆ ಹೋಗುವಾಗ ‘ಇನ್ ಡೀ ಶ್ವೈಟ್ಸ್’, ಅಲ್ಲಿ ಇರುವಾಗ ‘ಇನ್ ಡೇರ್ ಶ್ವೈಟ್ಸ್’.