ಕಬ್ಬಿನ ಬೆಲೆಯ ಬೆನ್ನು ಹತ್ತಿ ಮೂರು ವಿಷಯಗಳನ್ನು ಓದಿದ್ದು

ಮೈಸೂರಿನಲ್ಲಿ ವಾಣಿಜ್ಯ ಪದವಿ ಓದುತ್ತಿರುವ ನನಗೆ ಈ ವರ್ಷ ಗ್ರಂಥಾಲಯದ ಬಳಕೆ ಮತ್ತು ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಕರಾರು ಕಾನೂನು ಎಂಬ ಮೂರು ವಿಷಯಗಳು ಒಟ್ಟಿಗೆ ಬಂದಿವೆ. ವೇಳಾಪಟ್ಟಿಯಲ್ಲಿ ಇವು ಬೇರೆ ಬೇರೆ ಅವಧಿಗಳಲ್ಲಿ ಕೂತಿರುವುದರಿಂದ ನಮ್ಮಲ್ಲಿ ಹೆಚ್ಚಿನವರು ಒಂದರ ನೋಟ್ಸು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುತ್ತಾರೆ. ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮೂರನ್ನೂ ಒಟ್ಟಿಗೆ ಓದಿದರೆ ಮೂರೂ ಹೆಚ್ಚು ಚೆನ್ನಾಗಿ ತಿಳಿಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಯುವ ಮನೆಯಿಂದ ಬಂದವರು ಅಂಥ ಪ್ರಶ್ನೆಗಾಗಿ ದೂರ ಹೋಗಬೇಕಾಗಿಲ್ಲ: ಕಾರ್ಖಾನೆಗೆ ಕಬ್ಬು ಸಾಗಿಸಿದ ರೈತನಿಗೆ ಎಷ್ಟು ಹಣ ಬರಬೇಕು, ಯಾವ ದಿನದೊಳಗೆ ಬರಬೇಕು, ಅದನ್ನು ಹಾಗೆಂದು ಹೇಳಿರುವವರು ಯಾರು?

ಗ್ರಂಥಾಲಯಕ್ಕೆ ಹೋಗಿ "ಕಬ್ಬಿನ ಪುಸ್ತಕಗಳು ಎಲ್ಲಿವೆ?" ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಡ್ಯೂಯಿ ದಶಮಾಂಶ ವರ್ಗೀಕರಣ, ಅಂದರೆ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಪದ್ಧತಿ, ಪುಸ್ತಕಗಳನ್ನು ವಸ್ತುವಿನ ಪ್ರಕಾರ ಜೋಡಿಸದೆ ಶಾಸ್ತ್ರದ ಪ್ರಕಾರ ಜೋಡಿಸುತ್ತದೆ. ಆದ್ದರಿಂದ ಕಬ್ಬನ್ನು ಬೆಳೆಯುವ ವಿಧಾನ 633.61ರಲ್ಲಿ, ಅದರಿಂದ ಸಕ್ಕರೆ ತೆಗೆಯುವ ತಂತ್ರಜ್ಞಾನ 664.1ರಲ್ಲಿ, ಕೃಷಿ ಉತ್ಪನ್ನದ ಅರ್ಥಶಾಸ್ತ್ರ 338.1ರಲ್ಲಿ, ಮಾರಾಟದ ಕರಾರಿನ ಕಾನೂನು 346ರಲ್ಲಿ, ಇಳುವರಿಯ ಅಂಕಿಗಳನ್ನು ಲೆಕ್ಕ ಹಾಕಲು ಬೇಕಾದ ಸಂಖ್ಯಾಶಾಸ್ತ್ರ 519.5ರಲ್ಲಿ ಇರುತ್ತವೆ. ಒಂದೇ ಕಪಾಟಿನ ಮುಂದೆ ನಿಂತು ಸಿಕ್ಕಿದ್ದನ್ನು ಓದುವವರಿಗೆ ಪ್ರಶ್ನೆಯ ಐದನೆಯ ಒಂದು ಭಾಗ ಮಾತ್ರ ಕಾಣುತ್ತದೆ. ಈ ವಿಚಾರ ತಿಳಿದ ಮೇಲೆ ನಾನು ಮೊದಲು ಕ್ಯಾಟಲಾಗಿನಲ್ಲಿ ಹುಡುಕಿ, ಬೇಕಾದ ವರ್ಗ ಸಂಖ್ಯೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಕಪಾಟುಗಳ ಕಡೆಗೆ ಹೋಗುವ ಕ್ರಮವನ್ನು ರೂಢಿಸಿಕೊಂಡಿದ್ದೇನೆ. ಓದುಗರ ಸಮಯವನ್ನು ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಅವರು ಬೆಂಗಳೂರಿನಲ್ಲಿ 1962ರಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗ ಎಂಬುದು ಈ ಬರಹದ ದೃಷ್ಟಿಯಿಂದ ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಅದರ ವರ್ಷ. ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿಪಡಿಸುವ ಬೆಲೆಯನ್ನು ಕಬ್ಬು ನಿಯಂತ್ರಣ ಆದೇಶಕ್ಕೆ 2009ರಲ್ಲಿ ಆದ ತಿದ್ದುಪಡಿಯವರೆಗೆ ಶಾಸನಬದ್ಧ ಕನಿಷ್ಠ ಬೆಲೆ ಎನ್ನುತ್ತಿದ್ದರು; ಆ ನಂತರ ಅದು ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯಾಗಿದೆ, ನಮ್ಮ ಊರುಗಳಲ್ಲಿ ಎಲ್ಲರೂ ಎಫ್‌ಆರ್‌ಪಿ ಎನ್ನುತ್ತಾರೆ. ಎಫ್‌ಆರ್‌ಪಿ ಎಂದಷ್ಟೇ ಹುಡುಕಿದರೆ ಹಳೆಯ ಬರಹಗಳು ಸಿಗುವುದಿಲ್ಲ, ಹಳೆಯ ಪುಸ್ತಕವನ್ನಷ್ಟೇ ನಂಬಿದರೆ ಇಂದಿನ ನಿಯಮ ಸಿಗುವುದಿಲ್ಲ. ಕಾನೂನಿನ ಪುಸ್ತಕಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕರಾರನ್ನು ಇದ್ದಂತೆಯೇ ನೆರವೇರಿಸಿಕೊಡಬೇಕೆಂದು ಆದೇಶಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದು ಹಳೆಯ ಪಠ್ಯಗಳು ಹೇಳುತ್ತವೆ; ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಆ ನಿಲುವನ್ನೇ ಬದಲಾಯಿಸಿದೆ. ಆದ್ದರಿಂದ ಪಠ್ಯಪುಸ್ತಕವನ್ನು ದಾರಿ ತಿಳಿಯಲು ಓದಿ, ಕಾಯ್ದೆಯ ಮೂಲ ಪಾಠವನ್ನು ಇಂಡಿಯಾ ಕೋಡ್ ಜಾಲತಾಣದಲ್ಲಿ ತೆರೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಪುಟ ಸಂಖ್ಯೆಯನ್ನು ಓದುವಾಗಲೇ ಬರೆದುಕೊಳ್ಳಬೇಕೆಂಬ ಮಾತನ್ನು ಎಲ್ಲ ಅಧ್ಯಾಪಕರೂ ಹೇಳುತ್ತಾರಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಮೈಸೂರಿನಲ್ಲಿ ಓದುವವರಿಗೆ ಗ್ರಂಥಾಲಯದ ಮಹತ್ವವನ್ನು ಬೇರೆ ಊರಿನ ಉದಾಹರಣೆಯಿಂದ ಹೇಳಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ಇಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದಿತು. ಅದು ಏನೆಂಬುದನ್ನು ಗುರುತಿಸಿದವರು ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅವರು ಮೂಲವನ್ನು ಪ್ರಕಟಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಅದರ ಮೂರನೆಯ ಅಧಿಕರಣದ, ಅಂದರೆ ಭಾಗದ, ಆರಂಭದಲ್ಲಿಯೇ ಯಾವ ವ್ಯವಹಾರಗಳು ಊರ್ಜಿತವಾಗುವುದಿಲ್ಲ ಎಂಬ ಚರ್ಚೆ ಇದೆ: ಗುಟ್ಟಾಗಿ, ಮನೆಯೊಳಗೆ, ರಾತ್ರಿಯಲ್ಲಿ, ಕಾಡಿನಲ್ಲಿ, ಮೋಸದಿಂದ ಮಾಡಿಕೊಂಡವು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಇದಕ್ಕೆ ಅಪವಾದಗಳೂ ಉಂಟು. ಎರಡನೆಯ ಅಧಿಕರಣದಲ್ಲಿ ಗೋಪನೆಂಬ ಅಧಿಕಾರಿ ತನ್ನ ಹಳ್ಳಿಗಳ ಹೊಲ, ಮನೆ, ಜನ, ದನಗಳನ್ನು ಎಣಿಸಿ ದಾಖಲಿಸಬೇಕೆಂಬ ವಿಧಿಯಿದೆ. ಕರಾರು ಮತ್ತು ಎಣಿಕೆ ಎರಡನ್ನೂ ಕುರಿತ ಇಷ್ಟು ಹಳೆಯ ಚಿಂತನೆ, ಹಸ್ತಪ್ರತಿಯನ್ನು ತೆರೆದು ಓದುವ ಗ್ರಂಥಪಾಲಕರೊಬ್ಬರು ನಮ್ಮ ಊರಿನಲ್ಲಿ ಇದ್ದುದರಿಂದ ಲೋಕಕ್ಕೆ ತಿಳಿಯಿತು.

ಇನ್ನು ಸಂಖ್ಯಾಶಾಸ್ತ್ರ. ಎಫ್‌ಆರ್‌ಪಿಯನ್ನು ಕಬ್ಬಿನ ತೂಕದ ಮೇಲೆ ಮಾತ್ರ ಹೇಳುವುದಿಲ್ಲ, ಸಕ್ಕರೆ ಇಳುವರಿಗೆ ಕಟ್ಟಿ ಹೇಳುತ್ತಾರೆ. 100 ಕಿಲೋ ಕಬ್ಬು ಅರೆದಾಗ 10.25 ಕಿಲೋ ಸಕ್ಕರೆ ಬಂದರೆ ಇಳುವರಿ ಶೇಕಡಾ 10.25. 2025-26ರ ಹಂಗಾಮಿಗೆ ಈ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಇಳುವರಿ 0.1 ಹೆಚ್ಚಿದಂತೆ 3.46 ರೂಪಾಯಿ ಕೂಡುತ್ತದೆ, ಕಡಿಮೆಯಾದಂತೆ ಅಷ್ಟೇ ಕಳೆಯುತ್ತದೆ, ಆದರೆ 9.5ಕ್ಕಿಂತ ಕೆಳಗಿಳಿದರೆ ಮತ್ತೆ ಕಡಿತವಿಲ್ಲದೆ 329.05 ರೂಪಾಯಿಗೆ ನಿಲ್ಲುತ್ತದೆ.

ಇಲ್ಲಿ ಮುಖ್ಯವಾದದ್ದು, ಈ ಇಳುವರಿ ಯಾವುದೇ ಒಬ್ಬ ರೈತನ ಹೊಲದ್ದಲ್ಲ, ಇಡೀ ಕಾರ್ಖಾನೆಯ ಸರಾಸರಿ. ತರಗತಿಯಲ್ಲಿ ಕಲಿಸುವ ಸರಾಸರಿ, ತೂಕಸಹಿತ ಸರಾಸರಿ, ಮಾನಕ ವಿಚಲನೆ ಎಂಬ ಮೂರು ಪರಿಕಲ್ಪನೆಗಳೂ ಇದೊಂದರಲ್ಲಿಯೇ ಜೀವಂತವಾಗುತ್ತವೆ. ಒಂದು ಹೊಲದ ಕಬ್ಬು ಶೇಕಡಾ 11, ಇನ್ನೊಂದರದು ಶೇಕಡಾ 8 ಇಳುವರಿ ಕೊಡುವಂಥದ್ದು ಎಂದು ಊಹಿಸಿಕೊಳ್ಳೋಣ. ಎರಡನ್ನೂ ಕೂಡಿ ಅರ್ಧ ಮಾಡಿದರೆ 9.5. ಆದರೆ ಮೊದಲನೆಯದರಿಂದ 10 ಟನ್, ಎರಡನೆಯದರಿಂದ 30 ಟನ್ ಬಂದಿದ್ದರೆ ನಿಜವಾದ ಸರಾಸರಿ 8.75ಕ್ಕೆ ಇಳಿಯುತ್ತದೆ. ಸರಾಸರಿ ಎಷ್ಟೇ ಇರಲಿ, ಹೊಲದಿಂದ ಹೊಲಕ್ಕೆ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ವಿಚಲನೆ. ಬಲಿತ ಕಬ್ಬನ್ನು ಸರಿಯಾದ ಸಮಯಕ್ಕೆ ಕಡಿದು ಅಂದೇ ಗಾಡಿಗೆ ತುಂಬಿದ ರೈತನೂ, ಕಡಿದ ಮೇಲೆ ಗಾಡಿ ಸಿಗದೆ ಕಬ್ಬು ಒಣಗಿ ಸಕ್ಕರೆಯ ಅಂಶ ಕಳೆದುಕೊಂಡ ರೈತನೂ ಒಂದೇ ದರ ಪಡೆಯುತ್ತಾರೆ. ಇದು ನ್ಯಾಯವೋ ಅಲ್ಲವೋ ಎಂಬ ವಾದ ಬೇರೆ, ಆದರೆ ವಾದ ಮಾಡುವ ಮೊದಲು ಅಂಕಿ ಏನನ್ನು ಅಳೆದಿದೆ ಎಂಬುದು ತಿಳಿದಿರಬೇಕು.

ಆಧಾರ ಬದಲಾದಾಗ ಹೋಲಿಕೆ ಹೇಗೆ ಜಾರುತ್ತದೆ ಎಂಬುದಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2017-18ರಲ್ಲಿ ಎಫ್‌ಆರ್‌ಪಿ ಕ್ವಿಂಟಲ್‌ಗೆ 255 ರೂಪಾಯಿ, 2018-19ರಲ್ಲಿ 275 ರೂಪಾಯಿ. ಬರಿಗಣ್ಣಿಗೆ 20 ರೂಪಾಯಿಯ ಏರಿಕೆ. ಆದರೆ ಮೊದಲನೆಯದು ಶೇಕಡಾ 9.5ರ ಇಳುವರಿಗೆ, ಎರಡನೆಯದು ಶೇಕಡಾ 10ರ ಇಳುವರಿಗೆ ನಿಗದಿಯಾದದ್ದು. 9.5ರ ಇಳುವರಿಗೆ ಹೊಸ ವರ್ಷದಲ್ಲಿ ಸಿಕ್ಕಿದ್ದು 261.25 ರೂಪಾಯಿ, ಅಂದರೆ ಅದೇ ಗುಣದ ಕಬ್ಬಿಗೆ ಹೆಚ್ಚಿದ್ದು 6.25 ರೂಪಾಯಿ ಮಾತ್ರ. ಸೂಚ್ಯಂಕದ ಪಾಠದಲ್ಲಿ ಆಧಾರ ವರ್ಷದ ಬಗ್ಗೆ ಅಧ್ಯಾಪಕರು ಅಷ್ಟು ಒತ್ತಿ ಹೇಳುವುದು ಯಾಕೆಂದು ಈ ಎರಡು ಸಾಲಿನ ಲೆಕ್ಕ ಮಾಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಮಾದರಿ ಆಯ್ಕೆಯ ಅಧ್ಯಾಯವೂ ಹೊಲದಿಂದ ದೂರದ್ದಲ್ಲ. ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು 1931ರಲ್ಲಿ ಸ್ಥಾಪಿಸಿದ ಪಿ. ಸಿ. ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಲು ಮಾದರಿ ಸಮೀಕ್ಷೆಯನ್ನು ಬೆಳೆಸಿದರು. ಇಂದು ನಮ್ಮ ಹಳ್ಳಿಗಳಲ್ಲಿ ರಾಗಿ, ಭತ್ತಗಳಿಗೆ ಬೆಳೆ ಕಟಾವು ಪ್ರಯೋಗ, ಅಂದರೆ ಇಳುವರಿ ಅಂದಾಜು ಮಾಡಲು ಆರಿಸಿದ ತಾಕನ್ನು ಕೊಯ್ದು ತೂಗುವ ಕೆಲಸ, ನಡೆಸುವಾಗ ರಸ್ತೆಯ ಪಕ್ಕದ ಒಳ್ಳೆಯ ತಾಕನ್ನು ನೋಡಿ ಆರಿಸುವಂತಿಲ್ಲ, ಯಾದೃಚ್ಛಿಕ ಸಂಖ್ಯೆ ತೋರಿಸಿದ ತಾಕನ್ನೇ ಕೊಯ್ಯಬೇಕು. ಮಾದರಿಯನ್ನು ದೊಡ್ಡದು ಮಾಡಿದಷ್ಟೂ ತಪ್ಪು ಕಡಿಮೆಯಾಗುತ್ತದೆ ನಿಜ, ಆದರೆ ಅದು ವರ್ಗಮೂಲದ ಲೆಕ್ಕದಲ್ಲಿ: ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿ ನಾಲ್ಕರಷ್ಟಾಗಬೇಕು. ಆಯ್ಕೆಯಲ್ಲಿಯೇ ಪಕ್ಷಪಾತ ನುಸುಳಿದ್ದರೆ ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ. ಅಂದಹಾಗೆ, ಅಂದಾಜು ಎಷ್ಟರಮಟ್ಟಿಗೆ ನಿಖರವಾಗಿರಲು ಸಾಧ್ಯ ಎಂಬುದಕ್ಕೆ 1945ರಲ್ಲಿ ಮಿತಿಯನ್ನು ತೋರಿಸಿಕೊಟ್ಟ ಸಿ. ಆರ್. ರಾವ್ ಅವರು ಹುಟ್ಟಿದ್ದು ನಮ್ಮ ರಾಜ್ಯದ ಹೂವಿನಹಡಗಲಿಯಲ್ಲಿ.

ಮೂರರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕರಾರು ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯು ನಿಯಮವನ್ನು ಹೇಳಿ ಸುಮ್ಮನಾಗುವುದಿಲ್ಲ, ಅನೇಕ ಕಲಮುಗಳ ಕೆಳಗೆ ಅ ಮತ್ತು ಬ ಎಂಬಿಬ್ಬರ ನಡುವಿನ ಪುಟ್ಟ ದೃಷ್ಟಾಂತಗಳನ್ನೂ ಕೊಡುತ್ತದೆ. ಆ ದೃಷ್ಟಾಂತಗಳನ್ನು ಓದಿದ ಮೇಲೆ ಪುಸ್ತಕ ಮುಚ್ಚಿ, ಅದೇ ನಿಯಮಕ್ಕೆ ನಮ್ಮ ಊರಿನ ವ್ಯವಹಾರದಿಂದ ಒಂದು ದೃಷ್ಟಾಂತವನ್ನು ಬರೆಯಲು ಪ್ರಯತ್ನಿಸುವುದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. 10ನೇ ಕಲಂ ಪ್ರಕಾರ ಕರಾರು ಆಗಬೇಕಾದರೆ ಅರ್ಹ ವ್ಯಕ್ತಿಗಳು, ಮುಕ್ತ ಸಮ್ಮತಿ, ನ್ಯಾಯಬದ್ಧ ಪ್ರತಿಫಲ ಮತ್ತು ನ್ಯಾಯಬದ್ಧ ಉದ್ದೇಶ ಬೇಕು. ಅಪ್ರಾಪ್ತ ವಯಸ್ಕರ ಒಪ್ಪಂದ ಮೊದಲಿನಿಂದಲೇ ಶೂನ್ಯ, ಅಂದರೆ ಕಾನೂನಿನ ಬಲವಿಲ್ಲದ್ದು, ಎಂದು ಮೊಹೋರಿ ಬೀಬಿ ಪ್ರಕರಣದಲ್ಲಿ ಅಂದಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ತೀರ್ಪು ನೀಡಿತು. ಹದಿನೇಳು ವರ್ಷಕ್ಕೇ ಹಳ್ಳಿಯಿಂದ ಬಂದು ಸರಸ್ವತಿಪುರಂನಲ್ಲಿ ಕೋಣೆ ಬಾಡಿಗೆಗೆ ಹಿಡಿದು ತಾನೇ ಸಹಿ ಹಾಕಿದ ವಿದ್ಯಾರ್ಥಿಯ ಕಾಗದಕ್ಕೆ ಕಾನೂನಿನಲ್ಲಿ ಏನು ಬೆಲೆ ಎಂದು ಕೇಳಿಕೊಂಡರೆ ಕರಾರು ಮಾಡಿಕೊಳ್ಳಲು ಯಾರು ಅರ್ಹರೆಂದು ಹೇಳುವ 11ನೇ ಕಲಂ ಮರೆಯುವುದಿಲ್ಲ.

ಕಬ್ಬಿನ ಪ್ರಶ್ನೆಗೆ ಬರೋಣ. ಕಬ್ಬು ಸಾಗಿಸುವ ದಿನ ಹಂಗಾಮಿನ ಅಂತಿಮ ಇಳುವರಿ ಯಾರಿಗೂ ಗೊತ್ತಿರುವುದಿಲ್ಲ. ಬೆಲೆಯೇ ಖಚಿತವಾಗದೆ ಕರಾರು ನಿಲ್ಲುತ್ತದೆಯೇ ಎಂಬ ಸಂಶಯ ನನಗೆ ಬಹಳ ದಿನ ಇತ್ತು. ಉತ್ತರ 29ನೇ ಕಲಮಿನಲ್ಲಿದೆ: ಅರ್ಥ ಖಚಿತವಲ್ಲದ, ಖಚಿತಗೊಳಿಸಲೂ ಆಗದ ಒಪ್ಪಂದ ಮಾತ್ರ ಶೂನ್ಯ. ಸಾವಿರ ಮಣ ಅಕ್ಕಿಯನ್ನು ಮೂರನೆಯವನೊಬ್ಬ ನಿಗದಿಪಡಿಸುವ ಬೆಲೆಗೆ ಮಾರಲು ಒಪ್ಪಿದರೆ ಅದು ಶೂನ್ಯವಲ್ಲ, ಏಕೆಂದರೆ ಆ ಬೆಲೆಯನ್ನು ಖಚಿತಗೊಳಿಸಬಹುದು ಎಂದು ಅಲ್ಲಿನ ದೃಷ್ಟಾಂತವೇ ಹೇಳುತ್ತದೆ. ಅಕ್ಕಿಯ ಜಾಗದಲ್ಲಿ ಕಬ್ಬನ್ನಿಟ್ಟು, ಮೂರನೆಯವನ ಜಾಗದಲ್ಲಿ ಸರ್ಕಾರದ ಅಧಿಸೂಚನೆ ಮತ್ತು ಸರಾಸರಿ ಇಳುವರಿಯನ್ನಿಟ್ಟರೆ ಸಂಶಯ ತೀರುತ್ತದೆ.

ಹಣ ಯಾವಾಗ ಬರಬೇಕು ಎಂಬುದಕ್ಕೆ ಉತ್ತರ ಕರಾರು ಕಾಯ್ದೆಯಲ್ಲಿಲ್ಲ, 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಕಬ್ಬು ಒಪ್ಪಿಸಿದ ದಿನದಿಂದ 14 ದಿನಗಳೊಳಗೆ ಪಾವತಿಯಾಗಬೇಕು. ತಡವಾದ ಅವಧಿಗೆ ವಾರ್ಷಿಕ ಶೇಕಡಾ 15ರಂತೆ ಬಡ್ಡಿ ಕೊಡಬೇಕು. 40 ಟನ್ ಕಬ್ಬಿಗೆ, ಮೇಲೆ ಹೇಳಿದ ಕನಿಷ್ಠ ದರದಲ್ಲಿ, ಟನ್ನಿಗೆ 3,290.50 ರೂಪಾಯಿಯಂತೆ 1,31,620 ರೂಪಾಯಿ ಆಗುತ್ತದೆ. ಗಡುವು ಮೀರಿ 60 ದಿನ ಕಳೆದರೆ ಬಡ್ಡಿಯೇ ಸುಮಾರು 3,245 ರೂಪಾಯಿ. ಟನ್ನಿನ ಈ ದರ ಕಾರ್ಖಾನೆಯ ಬಾಗಿಲಿನ ಬೆಲೆ, ಅಂದರೆ ಕಬ್ಬನ್ನು ಅಲ್ಲಿಯವರೆಗೆ ತಲುಪಿಸಿದಾಗ ಸಿಗುವುದು. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಕಾರ್ಖಾನೆಯೇ ಭರಿಸಿದ್ದರೆ ಅದು ಕಡಿತವಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಆದರೆ ಆ ಆದೇಶದಲ್ಲಿ ಪಾವತಿಯ ಗಡುವನ್ನು ಹೇಳುವ ಖಂಡದ ನಡುವೆ ಒಂದು ಸಣ್ಣ ಉಪವಾಕ್ಯವಿದೆ: ಪಕ್ಷಗಳ ನಡುವೆ ಇದಕ್ಕೆ ವಿರುದ್ಧವಾದ ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾತ್ರ 14 ದಿನಗಳ ನಿಯಮ. ಮೂಲ ಪಾಠವನ್ನು ತೆರೆಯದೆ ಯಾರದೋ ಸಾರಾಂಶವನ್ನು ಓದಿದವರಿಗೆ ಈ ಉಪವಾಕ್ಯ ಕಾಣುವುದೇ ಇಲ್ಲ. ಹಂಗಾಮಿನ ಆರಂಭದಲ್ಲಿ ಹಲವರು ಓದದೆ ಸಹಿ ಮಾಡಿಕೊಡುವ ಮುದ್ರಿತ ನಮೂನೆಯಲ್ಲಿ ಪಾವತಿಯ ಗಡುವಿನ ಬಗ್ಗೆ ಏನು ಬರೆದಿದೆ ಎಂಬುದರ ಮೇಲೆ ಆ ಬಡ್ಡಿಯ ಹಕ್ಕು ನಿಲ್ಲಬಹುದು ಅಥವಾ ಬೀಳಬಹುದು. ಆದ್ದರಿಂದ ಅಪ್ಪನಿಗೂ ಚಿಕ್ಕಪ್ಪನಿಗೂ ನಾನು ಹೇಳಿರುವುದು ಇಷ್ಟು: ಸಹಿ ಮಾಡಿದ ನಮೂನೆಯ ಒಂದು ಜೆರಾಕ್ಸ್ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ತಾರೀಖು ಇರುವ ತೂಕದ ಚೀಟಿಯನ್ನು ಅದರ ಜೊತೆಗೇ ಇಡಿ, ಏಕೆಂದರೆ ದಿನಗಳ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ. ಊರಿನ ಇನ್ನೂ ಕೆಲವರಿಂದ ಇಂಥ ನಮೂನೆಗಳನ್ನು ಸಂಗ್ರಹಿಸುತ್ತಿದ್ದೇನೆ. ಕಾರ್ಖಾನೆಗಳ ಮತ್ತು ರೈತರ ಹೆಸರುಗಳನ್ನು ಬಿಟ್ಟು, ಗಡುವಿನ ಷರತ್ತು ಅವುಗಳಲ್ಲಿ ಹೇಗಿದೆ ಎಂಬುದನ್ನು ಸಾಲು ಸಾಲಾಗಿ ಹೋಲಿಸಿ ಈ ಸೆಮಿಸ್ಟರಿನ ಕಿರು ಸಂಶೋಧನಾ ಪ್ರಬಂಧವಾಗಿ ಸಲ್ಲಿಸಲು ಅಧ್ಯಾಪಕರು ಒಪ್ಪಿಗೆ ಕೊಟ್ಟಿದ್ದಾರೆ.